ಮೊಳದ ಮೇಲೆ ನಾಲ್ಕು ಬೆರಳು

ನನ್ನ ಅಕ್ಕನ ಬಲ ಮೊಳಕೈಯಲ್ಲಿ ಹುಣಸೆಬೀಜದಷ್ಟು ದೊಡ್ಡ ಕಪ್ಪು ಗಂಟೊಂದಿತ್ತು. ಮುಟ್ಟಿದರೆ ಕಲ್ಲು. ಹೂವಿನ ಬುಟ್ಟಿಯ ಅಂಚಿಗೆ ಮೊಳಕೈ ಊರಿ, ಅಲ್ಲಿಂದ ನಡುಬೆರಳಿನ ತುದಿಯವರೆಗೆ ಮಾಲೆ ಎಳೆದು ಅಳೆದು ಅಳೆದು, ಹನ್ನೊಂದನೆಯ ವಯಸ್ಸಿನಿಂದ ಬೆಳೆದುಕೊಂಡು ಬಂದ ಗಂಟು ಅದು. ನನಗೂ ಅಂಥದ್ದೊಂದು ಬೇಕು ಅನ್ನಿಸಿ ನಾನು ಶಾಲೆಯ ಬೆಂಚಿನ ಮೇಲೆ ದಿನವೂ ಮೊಳಕೈ ಉಜ್ಜುತ್ತಿದ್ದೆ. ಚರ್ಮ ಸುಲಿದು ಉರಿ ಹತ್ತಿತೇ ಹೊರತು ಗಂಟು ಬರಲಿಲ್ಲ. ಅವ್ವ ಕೊಬ್ಬರಿ ಎಣ್ಣೆ ಹಚ್ಚಿ, ತಲೆಗೊಂದು ಮೊಟಕಿ ಮಲಗಿಸಿದಳು.

ಹೊಟ್ಟೆಕಿಚ್ಚು ಅನ್ನಿ, ಅಡ್ಡಿಯಿಲ್ಲ. ಮುಚ್ಚಿಟ್ಟು ಏನು ಮಾಡಲಿ? ಲೋಕದಲ್ಲಿ ದುಡಿಯುವ ಮಗು ಶಾಲೆಗೆ ಹೋಗುವ ಮಗುವನ್ನು ನೋಡಿ ಆಸೆಪಡುತ್ತದಂತೆ. ನಮ್ಮ ಮನೆಯಲ್ಲಿ ಅದು ತಿರುವುಮುರುವಾಗಿತ್ತು. ಯೂನಿಫಾರ್ಮ್ ಹಾಕಿಕೊಂಡು ಬ್ಯಾಗು ನೇತುಹಾಕಿಕೊಂಡವಳು ನಾನು. ಕುದ್ದು ಹೋಗುತ್ತಿದ್ದವಳೂ ನಾನೇ.

ಚಿತ್ರದುರ್ಗದ ಕೋಟೆಯ ಕೆಳಗೆ, ಬಂಡೆಗೆ ಆನಿಸಿ ಕಟ್ಟಿದ ಮನೆಗಳ ಓಣಿಯೊಂದರಲ್ಲಿ ನಾವಿದ್ದೆವು. ಒಂದೇ ಕೋಣೆ, ಹಿಂದಿನ ಗೋಡೆ ಬಂಡೆಯೇ. ಅಪ್ಪ ಮನೆಗಳಿಗೆ ಸುಣ್ಣಬಣ್ಣ ಹೊಡೆಯುತ್ತಿದ್ದ. ಅವ್ವ ಮಂಡಕ್ಕಿ ಭಟ್ಟಿಯಲ್ಲಿ ಕೂಲಿಗೆ ಹೋಗುತ್ತಿದ್ದಳು. ಅವ್ವನದೊಂದು ಕಾನೂನಿತ್ತು: ದುಡಿದು ಬಂದವರ ತಟ್ಟೆ ಮೊದಲು. ಹೊಗೆಯಾಡುವ ಮೊದಲ ಮುದ್ದೆ ಅವರಿಗೆ. ಸಾರಿನ ಪಾತ್ರೆಗೆ ಸೌಟನ್ನು ತಳದವರೆಗೆ ಇಳಿಸಿ ಬೇಳೆಯನ್ನೆಲ್ಲ ಎತ್ತಿ ಹಾಕುವುದೂ ಅವರಿಗೇ. ಉಳಿದವರಿಗೆ ಮೇಲಿನ ತಿಳಿ. ಈ ಕಾನೂನು ಅಪ್ಪನಿಗೆಂದು ಹುಟ್ಟಿದ್ದು. ಆಗ ಅಕ್ಕನೂ ನಾನೂ ಗೋಡೆಗೆ ಒರಗಿ ಕೂತು, ಒಟ್ಟಿಗೆ ತಿಳಿಸಾರು ಸುರಿಯುತ್ತಿದ್ದೆವು. ನನಗೆ ಅದೇನೂ ಬೇಸರವಿರಲಿಲ್ಲ.

ಅಪ್ಪ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಎಲ್ಲ ಬದಲಾಯಿತು. ಭಟ್ಟಿಯ ಕೂಲಿಯೊಂದೇ ಸಾಲುತ್ತಿರಲಿಲ್ಲ. ಹೂವಿನ ಮಂಡಿ ಇಟ್ಟಿದ್ದ ಸಾಬರೊಬ್ಬರು ಅವ್ವನಿಗೆ ಗೊತ್ತಿದ್ದವರು. ಬಸ್ ಸ್ಟ್ಯಾಂಡಿನ ಹತ್ತಿರ ಅರಳಿಮರದ ಕಟ್ಟೆಯ ಪಕ್ಕ ಜಾಗ ಖಾಲಿ ಇದೆ, ಹೂವು ನಾನು ಕೊಡುತ್ತೇನೆ, ನಿನ್ನ ಹುಡುಗಿಯರಲ್ಲಿ ಒಬ್ಬಳನ್ನು ಕೂರಿಸು ಎಂದರು. ಹೂವಿನ ಮಾರಾಟ ಬೆಳಗ್ಗೆಯೂ ಉಂಟು, ಸಂಜೆಯೂ ಉಂಟು, ನಡುವೆ ಕೂತು ಕಟ್ಟಬೇಕು. ಕೂತವಳಿಗೆ ಶಾಲೆ ಮುಗಿದಂತೆಯೇ. ಯಾರನ್ನು ಕೂರಿಸುವುದು ಎಂದು ಅವ್ವ ಕೇಳಿದಾಗ ಅವರು ಹೇಳಿದ್ದು ಇಷ್ಟು:

"ಚಿಕ್ಕ ಕೈಗೆ ಗಿರಾಕಿ ನಿಲ್ಲಲ್ಲಮ್ಮ. ಮೊಳ ಕಮ್ಮಿ ಬಂತು ಅಂತ ಬೈದು ಹೋಗ್ತಾರೆ. ಇಬ್ರಾಗೆ ಯಾರ ಮೊಳ ಉದ್ದ ಐತೋ ಅವಳನ್ನ ಕೂರ್ಸು."

ಮರುದಿನ ಬೆಳಗ್ಗೆ ಅವ್ವ ನಮ್ಮಿಬ್ಬರನ್ನೂ ಹೊಸ್ತಿಲ ಮುಂದೆ ಕೂರಿಸಿದಳು. ಹೊಸ್ತಿಲ ಅಂಚಿಗೆ ಮೊಳಕೈ ತಾಗಿಸಿ ಕೈ ಮುಂದಕ್ಕೆ ಚಾಚಿ ಎಂದಳು. ಅಕ್ಕನಿಗೆ ಹನ್ನೊಂದು, ನನಗೆ ಹತ್ತು ತುಂಬಿರಲಿಲ್ಲ. ಆದರೆ ಎತ್ತರದಲ್ಲಿ ನಾನೇ ಮುಂದು. ಅದಕ್ಕೇ ಅಕ್ಕ ನನ್ನನ್ನು 'ಕೊಕ್ಕರೆ' ಅನ್ನುತ್ತಿದ್ದದ್ದು. ನಾನೇ ಗೆಲ್ಲುತ್ತೇನೆ ಎಂದು ನನಗೆ ಖಾತ್ರಿಯಿತ್ತು. ಗೆಲ್ಲಬೇಕೆಂಬ ಆಸೆಯೂ ಇತ್ತು, ಯಾಕೆಂದರೆ ನನ್ನ ಕಣ್ಣ ಮುಂದೆ ಇದ್ದದ್ದು ಆ ಮೊದಲ ಮುದ್ದೆ. ಉಗುರು ಇನ್ನೊಂದಿಷ್ಟು ಬೆಳೆದಿದ್ದರೆ ಚೆನ್ನಾಗಿತ್ತು ಎಂದುಕೊಳ್ಳುತ್ತ, ಉಸಿರು ಬಿಗಿಹಿಡಿದು ಬೆರಳು ಚಾಚಿದೆ. ಬೆಳಗಿನ ಗಾಳಿಗೆ ಚಳಿಯಿತ್ತು. ಅಕ್ಕ ಅಪ್ಪನ ಹಳೇ ಸ್ವೆಟರು ಹಾಕಿಕೊಂಡಿದ್ದಳು. ಅವಳ ಕೈ ನನ್ನ ಕೈಗಿಂತ ಎದ್ದು ಕಾಣುವಷ್ಟು ಮುಂದಿತ್ತು.

"ದೊಡ್ಡಾಕಿನೇ ಹೋಗ್ಲಿ" ಎಂದಳು ಅವ್ವ. ನಾನು ಅಳುತ್ತ ಶಾಲೆಗೆ ಹೋದೆ. ಯಾಕೆ ಅಳುತ್ತಿದ್ದೀಯ ಎಂದು ಟೀಚರ್ ಕೇಳಿದರೆ ನನ್ನ ಕೈ ಗಿಡ್ಡ ಎಂದು ಹೇಳಿದೆ.

ಅವತ್ತು ಸಂಜೆಯಿಂದಲೇ ಅಕ್ಕ ಗೋಡೆಯ ಸಾಲಿನಿಂದ ಎದ್ದು ಹೋದಳು. ಅಪ್ಪ ಕೂರುತ್ತಿದ್ದ ಜಾಗದಲ್ಲಿ ಕೂತಳು. ಹೊಗೆಯಾಡುವ ಮುದ್ದೆ ಅವಳ ತಟ್ಟೆಗೆ ಬಿತ್ತು, ತಳದ ಬೇಳೆಯೂ ಬಿತ್ತು. ನಾನು ಬಾಯಿಬಿಟ್ಟು ಕೇಳಿಯೇಬಿಟ್ಟೆ: "ನಾನೂ ಸ್ಕೂಲ್‌ನಾಗೆ ಬರೆದು ಬರೆದು ಬಂದಿದೀನಿ, ನಂಗ್ಯಾಕಿಲ್ಲ?"

"ನೀನು ಕುಂತು ಬಂದಾಕಿ. ಮ್ಯಾಲೆ ಬಿಸಿಯೂಟ ಬೇರೆ ಉಂಡು ಬಂದಿದೀಯ. ಸುಮ್ನೆ ಉಣ್ಣು" ಎಂದಳು ಅವ್ವ.

ಮುದ್ದೆಯೊಂದೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆನೇನೋ. ಬರಬರುತ್ತ ಮನೆಯ ಎಲ್ಲ ಮಾತೂ ಅವಳ ಕಡೆಗೇ ತಿರುಗಿತು. ಸೂರಿನ ಶೀಟು ಒಡೆದರೆ 'ಅಕ್ಕನ್ನ ಕೇಳು', ಹೊಳಲ್ಕೆರೆಯ ಸೋದರಮಾವನ ಮನೆಯ ಮದುವೆಗೆ ಯಾರು ಹೋಗುವುದು ಎಂದರೆ 'ಅಕ್ಕ ಬರ್ಲಿ ತಡಿ'. ಮನೆಯಲ್ಲಿ ಕೂತು ಬಾಳೆನಾರು ಸೀಳಿಕೊಡುತ್ತಿದ್ದ ಅಪ್ಪ ಕೂಡ ಅವಳು ಬಂದಾಗ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಿದ್ದ. ನನಗೆ ಶೂ ಕೊಡಿಸಿದವಳು ಅವಳು. ಆ ಶೂ ಹಾಕಿಕೊಂಡು ನಡೆಯುವಾಗಲೂ ಅವಳ ಮೇಲೆ ನನಗೆ ಉರಿಯುತ್ತಿತ್ತು.

ಅವಳ ಮೊಳ ದೊಡ್ಡವರ ಮೊಳಕ್ಕೆ ಸಮನಾಗುತ್ತಿರಲಿಲ್ಲ ನಿಜ. ಅದಕ್ಕೆ ಅವಳೇ ಒಂದು ದಾರಿ ಹುಡುಕಿದ್ದಳು. ಒಂದು ಮೊಳ ಎಳೆದ ಮೇಲೆ ಎಡಗೈಯ ನಾಲ್ಕು ಬೆರಳು ಅಡ್ಡ ಇಟ್ಟು ಅಷ್ಟು ಹೂವು ಬಿಟ್ಟು, ಆಮೇಲೆ ಕತ್ತರಿಸುತ್ತಿದ್ದಳು. "ನನ್ನ ಕೈ ಚಿಕ್ಕದು ಅಮ್ಮಾ, ಅದಕ್ಕೆ ನಾಲ್ಕು ಬೆರಳು ಮ್ಯಾಲೆ" ಎಂದು ಕೂಗಿ ಹೇಳುತ್ತಿದ್ದಳು. ಹೆಂಗಸರು ನಕ್ಕು, ಮರುದಿನ ಮತ್ತೆ ಅವಳ ಹತ್ತಿರವೇ ಬರುತ್ತಿದ್ದರು. ಕಮ್ಮಿ ಅಳೆದ ಹೂವು ಮುಡಿಯಾಗೆ ನಿಲ್ಲಲ್ಲ ಅನ್ನುವುದು ಅವಳು ಸದಾ ಹೇಳುತ್ತಿದ್ದ ಮಾತು. ಎಲ್ಲಿ ಕಲಿತಳೋ ಗೊತ್ತಿಲ್ಲ. ಅಜ್ಜಿಯರ ಹಾಗೆ ಮಾತಾಡುತ್ತಿದ್ದಳು.

ಒಂದು ಸಂಜೆ ನಾನು ಶಾಲೆ ಬಿಟ್ಟು ಅವಳ ಪಕ್ಕ ಕೂತಿದ್ದೆ. ದುಡಿಯುವ ಮಕ್ಕಳನ್ನು ಹುಡುಕುವವರ ಜೀಪು ಬಂತೆಂದು ಹಣ್ಣಿನ ಗಾಡಿಯವರು ಸನ್ನೆ ಮಾಡಿದರು. ಅಕ್ಕ ಬುಟ್ಟಿಯನ್ನು ಪಕ್ಕದ ಮುದುಕಿಯ ಮುಂದೆ ತಳ್ಳಿ, ನನ್ನ ಬ್ಯಾಗು ಕಿತ್ತುಕೊಂಡು, ಕನ್ನಡ ಪುಸ್ತಕ ಬಿಡಿಸಿ ಮಡಿಲಲ್ಲಿಟ್ಟುಕೊಂಡಳು. ಜೀಪಿನಿಂದ ಇಳಿದವರು ಸಂಶಯದಿಂದ "ಎಲ್ಲಿ, ಓದು ನೋಡಾಣ" ಎಂದರು. ಅಕ್ಕ ಓದಿದಳು. ನಾನು ವಾರವಿಡೀ ಒದ್ದಾಡಿದ್ದ ಪಾಠವನ್ನು, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ, ಎಲ್ಲಿ ದನಿ ಏರಿಸಬೇಕೋ ಅಲ್ಲಿ ಏರಿಸಿ ಓದಿದಳು. ಅವರು "ಭೇಷ್" ಎಂದು ಅವಳ ತಲೆ ಸವರಿ, ನನ್ನ ಕಡೆ ತಿರುಗಿ "ಅಕ್ಕನ್ನ ನೋಡಿ ಕಲ್ತುಕೋ" ಎಂದು ಹೇಳಿ ಹೋದರು. ಜೀಪು ಮರೆಯಾದ ಮೇಲೂ ಅವಳು ಪುಸ್ತಕ ಕೊಡಲಿಲ್ಲ. "ತಡಿಯೇ, ಈ ಕತೆ ಮುಗಿಸ್ತೀನಿ" ಎಂದಳು. ನಾನು ಕಸಿದುಕೊಂಡೆ. ಹಾಳೆಯ ಅಂಚು ಹರಿಯಿತು. ಮುದ್ದೆಯೂ ಅವಳಿಗೇ, ಭೇಷೂ ಅವಳಿಗೇ ಆದರೆ ನನಗೇನು ಉಳಿಯಿತು ಹೇಳಿ?

ಆಮೇಲೊಮ್ಮೆ ಅವಳಿಗೆ ಕೀಲುಗಳೆಲ್ಲ ಹಿಡಿದು ಜ್ವರ ಬಂತು. ಏಳಲಾಗಲಿಲ್ಲ. ಶಾಲೆಗೆ ರಜೆಯಿತ್ತು. "ಒಂದಿನ ನೀನು ಕುಂತು ಬಾ" ಎಂದಳು ಅವ್ವ. ನನ್ನ ಕಾಲು ನೆಲದ ಮೇಲಿರಲಿಲ್ಲ. ಅಕ್ಕನ ಜಾಗದಲ್ಲಿ, ಅಕ್ಕನ ಗೋಣಿತಾಟಿನ ಮೇಲೆ ಕೂತು, ಅಕ್ಕನ ಹಾಗೆಯೇ ಬುಟ್ಟಿಯ ಅಂಚಿಗೆ ಮೊಳಕೈ ಊರಿದೆ. ಹಿರಿಯೂರು ಕಡೆಯಿಂದ ಬಂದ ಹಳದಿ ಸೇವಂತಿಗೆ ಬುಟ್ಟಿ ತುಂಬ ಇತ್ತು. ಗಿರಾಕಿಗಳು ಅಕ್ಕನನ್ನು ವಿಚಾರಿಸಿದರು. ನಾನು ಗತ್ತಿನಿಂದ ಅಳೆದು ಕೊಟ್ಟೆ. ಮೊಳ ಎಂದರೆ ಮೊಳ. ಆ ನಾಲ್ಕು ಬೆರಳು ಬಿಡುವುದು ನನಗೆ ದಡ್ಡತನವೆಂದೇ ಕಂಡಿತ್ತು.

ಸಂಜೆ ಬುಟ್ಟಿ ಹೊತ್ತು ಬಂದು, "ಅವ್ವಾ, ದುಡ್ಡೂ ಪೂರಾ ಬಂತು, ಹೂವೂ ಉಳೀತು!" ಎಂದು ಹೊಸ್ತಿಲಿನಿಂದಲೇ ಕೂಗಿದೆ. ಅವ್ವ ತಟ್ಟೆ ಹಾಕಿದಳು. ಮೊದಲ ಮುದ್ದೆ ನನ್ನ ತಟ್ಟೆಗೆ ಬಿತ್ತು. ಸೌಟು ತಳಕ್ಕೆ ಇಳಿದ ಸದ್ದು ನನಗೆ ಈಗಲೂ ಕೇಳುತ್ತದೆ. ಎರಡು ತುತ್ತು ನುಂಗಿರಬೇಕು, ಕಂಬಳಿಯೊಳಗಿಂದ ಅಕ್ಕನ ದನಿ ಬಂತು.

"ಹೂವು ಹೆಂಗೆ ಉಳೀತೇ?"

"ಉಳೀತು ಅಷ್ಟೇ."

"ನಾಲ್ಕು ಬೆರಳು ಬಿಟ್ಯಾ ಇಲ್ಲಾ?"

ನಾನು ಮೂರನೆಯ ತುತ್ತಿಗೆ ಕೈ ಹಾಕಿದೆ. ಅವಳು ಗೋಡೆ ಹಿಡಿದು ಎದ್ದು ಕೂತಳು. ಬೈದರೆ ಚೆನ್ನಾಗಿತ್ತು, ಬೈಯಲಿಲ್ಲ. ಯಾರ್‍ಯಾರು ಬಂದಿದ್ದರು ಹೇಳು ಎಂದಳು. ಬ್ಯಾಂಕಿನ ಮೇಡಂ, ಆಸ್ಪತ್ರೆಯ ನರ್ಸಮ್ಮ, ಹೋಟೆಲ್ಲಿನವರ ಸೊಸೆ, ಹೀಗೆ ಒಬ್ಬೊಬ್ಬರನ್ನೂ ನನ್ನ ಬಾಯಿಂದಲೇ ಹೊರಡಿಸಿದಳು. ನನ್ನ ತಟ್ಟೆಯ ಮುದ್ದೆ ಆರಿ ಗಟ್ಟಿಯಾಯಿತು. ಬೆಳಗ್ಗೆ ಜ್ವರದಲ್ಲೇ ತಲೆಗೆ ಟವೆಲ್ಲು ಸುತ್ತಿಕೊಂಡು ನನ್ನ ಕೈ ಹಿಡಿದು ಹೊರಟಳು. ಕಟ್ಟೆಯ ಹತ್ತಿರ ಕೂತು, ಬಂದ ಒಬ್ಬೊಬ್ಬರಿಗೂ ಉಳಿದಿದ್ದ ಹೂವಿನಿಂದ ತುಂಡು ಕತ್ತರಿಸಿ ಕೊಟ್ಟಳು. ಕೊಡುವಾಗಲೆಲ್ಲ ಅದೇ ಮಾತು: "ನಿನ್ನೇದು ಕಮ್ಮಿ ಬಂದಿತ್ತು, ತಗಳ್ರಿ ಅಮ್ಮಾ. ನನ್ನ ತಂಗಿ ಸ್ಕೂಲಿಗೆ ಹೋಗಾಕಿ, ಆಕಿಗೆ ಇದೆಲ್ಲ ಗೊತ್ತಾಗಲ್ಲ."

ಹತ್ತು ಸಲವಾದರೂ ಹೇಳಿರಬೇಕು. ಹತ್ತು ಸಲವೂ ನನಗೆ ಕಪಾಳಕ್ಕೆ ಬಿಗಿದಂತಾಯಿತು. ಸ್ಕೂಲಿಗೆ ಹೋಗುವವಳು, ಅಂದರೆ ಯಾವ ಕೆಲಸಕ್ಕೂ ಬಾರದವಳು. ಹಾಗೆಂದೇ ನಾನು ತಿಳಿದುಕೊಂಡೆ. ಆ ಮಾತು ಹೇಳುವಾಗ ಅವಳ ಮುಖ ಹೇಗಿತ್ತು ಎಂದು ನಾನು ನೋಡಲಿಲ್ಲ. ನೆಲ ನೋಡುತ್ತಿದ್ದೆ.

ವರ್ಷಗಳು ಹೋದವು. ಅಕ್ಕನ ಮೊಳ ದೊಡ್ಡವರ ಮೊಳವೇ ಆಯಿತು. ಆದರೂ ನಾಲ್ಕು ಬೆರಳು ಬಿಡುವುದನ್ನು ನಿಲ್ಲಿಸಲಿಲ್ಲ, ಕೂಗಿ ಹೇಳುವುದನ್ನು ಮಾತ್ರ ನಿಲ್ಲಿಸಿದಳು. ಅಪ್ಪ ತೀರಿಕೊಂಡ. ಅಕ್ಕನಿಗೆ ಬಂದ ಸಂಬಂಧಗಳಿಗೆಲ್ಲ ಅವಳು ಒಂದೊಂದು ಕೊಂಕು ತೆಗೆದಳು. "ಗಂಡ ಬಂದ್ರೆ ಮೊದಲ ಮುದ್ದೆ ಅವನಿಗೆ ಹಾಕ್ಬೇಕು. ನನ್ನ ಕೈಲಾಗಲ್ಲಪ್ಪ" ಎಂದು ನಗುತ್ತಿದ್ದಳು. ನಾನು ಓದಿದೆ, ಪರೀಕ್ಷೆ ಬರೆದೆ, ಹೊಸದುರ್ಗದ ಕಡೆಯ ಸರ್ಕಾರಿ ಶಾಲೆಯೊಂದಕ್ಕೆ ಟೀಚರಾಗಿ ಆರ್ಡರು ಬಂತು. ಆರ್ಡರು ಹಿಡಿದು ನಾನು ಮನೆಗೆ ಹೋಗಲಿಲ್ಲ. ಸೀದಾ ಅರಳಿಕಟ್ಟೆಗೆ ಹೋದೆ. ಅವಳ ಕಣ್ಣಲ್ಲಿ ಒಂದೇ ಒಂದು ಸಲ ಹೊಟ್ಟೆಕಿಚ್ಚು ನೋಡಬೇಕಿತ್ತು ನನಗೆ. ಅಷ್ಟು ವರ್ಷ ನಾನು ಉರಿದದ್ದಕ್ಕೆ ಅಷ್ಟಾದರೂ ಸಿಗಬೇಡವೇ?

ಅವಳು ಕೈ ಒರೆಸಿಕೊಂಡು ಆರ್ಡರು ಇಸಕೊಂಡಳು. ಹಣ್ಣಿನ ಗಾಡಿಯವರಿಗೆಲ್ಲ ಕೇಳುವ ಹಾಗೆ ಮೊದಲ ಸಾಲಿನಿಂದ ಕೊನೆಯ ರುಜುವಿನವರೆಗೆ ಒಂದಕ್ಷರ ತಪ್ಪದೆ ಓದಿದಳು. ಓದಿ, ಎರಡು ಮೊಳ ಮಲ್ಲಿಗೆ ಕತ್ತರಿಸಿ ನನ್ನ ಜಡೆಗೆ ಮುಡಿಸಿದಳು. ಕಣ್ಣಲ್ಲಿ ಕಿಚ್ಚೂ ಇಲ್ಲ, ಕಿಡಿಯೂ ಇಲ್ಲ. ನನಗೆ ತಡೆಯಲಾಗಲಿಲ್ಲ. ಅವಳ ಕೈಯ ಪಕ್ಕ ನನ್ನ ಕೈ ಇಟ್ಟೆ.

"ನೋಡು, ಈಗ ನನ್ನ ಮೊಳವೇ ಉದ್ದ" ಎಂದೆ.

ಅವಳು ಜೋರಾಗಿ ನಕ್ಕಳು. "ಆವತ್ತೂ ನಿಂದೇ ಉದ್ದ ಇತ್ತು ಕಣೇ ಕೊಕ್ಕರೆ."

"ಅಂದ್ರೆ?"

"ಸ್ವೆಟರ್ ತೋಳು ಹೊಸ್ತಿಲಿಗೇ ತಾಗಿತ್ತು, ಒಳಗೆ ಮೊಳಕೈನ ನಾಲ್ಕು ಬೆರಳಿನಷ್ಟು ಮುಂದಕ್ಕೆ ಜಾರಿಸಿದ್ದೆ. ಅವ್ವಂಗೂ ಗೊತ್ತಾಗಲಿಲ್ಲ, ನಿಂಗೂ ಗೊತ್ತಾಗಲಿಲ್ಲ."

"ಯಾಕೆ ಹಂಗೆ ಮಾಡ್ದೆ?"

"ಓದು ಅಂದ್ರೆ ನಂಗೆ ಬ್ಯಾಸರ ಬರ್ತಿತ್ತು" ಎಂದು ಹೇಳಿ, "ಬರ್ರಿ ಅಮ್ಮಾ, ಎಷ್ಟು ಕೊಡ್ಲಿ?" ಎಂದು ಗಿರಾಕಿಯ ಕಡೆ ತಿರುಗಿಬಿಟ್ಟಳು.

ಓದು ಅಂದರೆ ಬೇಸರವಂತೆ! ಹರಿದ ಹಾಳೆಯ ಆ ಕತೆ ಮುಗಿಸಲು ಬಿಡದೆ ಪುಸ್ತಕ ಕಸಿದುಕೊಂಡವಳು ನಾನು, ನನಗೇ ಹೇಳುತ್ತಾಳೆ. ಆದರೆ ಅವತ್ತು ನನಗೆ ಹೊಳೆದದ್ದು ಅದಲ್ಲ. ಮೋಸಗಾತಿ ಎನ್ನಿಸಿತು. ನನಗೆ ಸೇರಬೇಕಾದ ಜಾಗ, ನನಗೆ ಬೀಳಬೇಕಾದ ಮುದ್ದೆ, ನನ್ನನ್ನು ಕೇಳಿ ನಡೆಯಬೇಕಾಗಿದ್ದ ಮನೆ, ಎಲ್ಲವನ್ನೂ ಒಂದು ಸ್ವೆಟರಿನೊಳಗೆ ಬಚ್ಚಿಟ್ಟು ಕದ್ದಳು ಎಂದು ಮೈಯೆಲ್ಲ ಉರಿಯಿತು. ಹೊಸದುರ್ಗಕ್ಕೆ ಹೋದವಳು ಮೂರು ತಿಂಗಳು ಅವಳಿಗೆ ಫೋನು ಮಾಡಲಿಲ್ಲ. ಅವಳು ಮಾಡಿದರೆ ಎತ್ತಲಿಲ್ಲ. ಹೀಗೂ ಉಂಟೇ ಎಂದು ನೀವು ನಗಬಹುದು. ಹೊಟ್ಟೆಕಿಚ್ಚಿಗೆ ಲೆಕ್ಕಾಚಾರ ಎಲ್ಲಿರುತ್ತದೆ?

ನನ್ನ ತರಗತಿಯ ಒಬ್ಬ ಹುಡುಗಿ ವಾರಗಟ್ಟಲೆ ಬರಲಿಲ್ಲ. ಹುಡುಕಿಕೊಂಡು ಮನೆಗೆ ಹೋದೆ. ತಾಯಿಯ ಜೊತೆ ಮಂಡಿಯಲ್ಲಿ ತೆಂಗಿನಕಾಯಿ ಸುಲಿದು ಆಗಷ್ಟೇ ಬಂದು ಊಟಕ್ಕೆ ಕೂತಿದ್ದಳು. ಅವಳ ತಾಯಿ ಮೊದಲ ಮುದ್ದೆ ಅವಳಿಗೆ ಹಾಕಿದಳು. ಪಕ್ಕದಲ್ಲಿ ಕೂತಿದ್ದ ಪುಟ್ಟ ತಂಗಿ ಆ ಮುದ್ದೆಯನ್ನು ನೋಡಿದಳು. ಆ ನೋಟದ ಗುರುತು ನನಗೆ ತಕ್ಷಣ ಸಿಕ್ಕಿತು. ಅದು ನನ್ನದೇ. ಆದರೆ ನಾನು ಈಗ ಟೀಚರು, ಎದುರಿಗೆ ನಿಂತಿದ್ದೆ, ಹಾಗಾಗಿ ತಂಗಿಗೆ ಕಾಣದಿದ್ದದ್ದು ನನಗೆ ಕಂಡಿತು. ದೊಡ್ಡವಳ ಅಂಗೈ ನಾರಿಗೆ ಸೀಳಿ ಹೋಗಿತ್ತು. ಬಿಸಿ ಮುದ್ದೆಯನ್ನು ಅಂಗೈಗೆ ತಾಗಿಸಲಾರದೆ ಬೆರಳ ತುದಿಯಲ್ಲಿ ಚೂರು ಚೂರೇ ಮುರಿದುಕೊಳ್ಳುತ್ತಿದ್ದಳು. ಅಷ್ಟು ವರ್ಷ ಅಕ್ಕನ ಎದುರು ಕೂತು ಉಂಡವಳು ನಾನು. ಅವಳ ತಟ್ಟೆ ನೋಡಿದ್ದೆ, ಕೈ ನೋಡಿರಲಿಲ್ಲ. ಮೊಳಕೈಯ ಗಂಟನ್ನು ನೋಡಿದ್ದರೂ ಒಡವೆ ನೋಡಿದಂತೆ ನೋಡಿದ್ದೆ.

ಆ ಹುಡುಗಿಯನ್ನು ಶಾಲೆಗೆ ಕಳಿಸಲು ತಾಯಿಯನ್ನು ಒಪ್ಪಿಸುವುದಕ್ಕೆ ಒಂದು ತಿಂಗಳು ತಿರುಗಿದೆ, ಅದು ಬೇರೆ ಮಾತು. ಅವತ್ತು ಮಾತ್ರ ಅಲ್ಲಿಂದ ಸಿಕ್ಕ ಬಸ್ಸು ಹತ್ತಿ ಚಿತ್ರದುರ್ಗಕ್ಕೆ ಬಂದೆ. ಅಕ್ಕ ಕಟ್ಟೆಯ ಪಕ್ಕ ಕನಕಾಂಬರ ಕಟ್ಟುತ್ತಿದ್ದಳು. ಅವಳ ಬಲಗೈ ಎಳೆದು ಮೊಳಕೈಯ ಗಂಟಿನ ಮೇಲೆ ಬೆರಳಿಟ್ಟೆ.

"ಬಿಡೇ, ಕಚಗುಳಿ ಆಗ್ತೈತೆ" ಎಂದಳು. ಆಮೇಲೆ ನನ್ನ ಮುಖ ನೋಡಿ, "ಉಂಡ್ಯಾ? ಇರು, ಮನೆಗೆ ಹೋಗಾಣ" ಎಂದು ಬುಟ್ಟಿ ಎತ್ತಿದಳು. ಮೂರು ತಿಂಗಳ ಮುನಿಸಿನ ಬಗ್ಗೆ ಅವಳು ಒಂದು ಮಾತೂ ಕೇಳಲಿಲ್ಲ.

ಮುಂದೆ ಎಷ್ಟೋ ಭಾನುವಾರಗಳು ಹಾಗೆ ಹೋಗಿ ಬಂದೆ. ಕಲಿಸಿಕೊಡು ಎಂದು ಹಟ ಹಿಡಿದು ಹೂವು ಕಟ್ಟುವುದನ್ನೂ ಕಲಿತೆ. ನನ್ನ ಮಾಲೆ ನೋಡಿ "ಟೀಚರಮ್ಮ, ನಿನ್ನ ಹೂವು ಬಸ್ ಹತ್ತೋ ಮೊದ್ಲೇ ಉದುರ್ತಾವೆ" ಎಂದು ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ಕೆಲಸ ಬಿಡು, ನನ್ನ ಸಂಬಳ ಇದೆಯಲ್ಲ ಎಂದರೆ, ಬಿಟ್ಟು ನಿನ್ನ ಮುಖ ನೋಡ್ತಾ ಕೂರ್ಲಾ ಎನ್ನುತ್ತಿದ್ದಳು.

ಹೋದ ಮಳೆಗಾಲದಲ್ಲಿ ಅಕ್ಕನಿಗೆ ಡೆಂಗ್ಯೂ ಬಂತು. ಸಾಮಾನ್ಯ ಜ್ವರವೆಂದು ಎರಡು ದಿನ ಕಟ್ಟೆಯಲ್ಲೇ ಕೂತಿದ್ದಳು. ನಾಲ್ಕನೆಯ ದಿನ ಅವಳಿರಲಿಲ್ಲ.

ನಮ್ಮ ಓಣಿಯಲ್ಲಿ ಅಷ್ಟು ಜನ ಸೇರಿದ್ದನ್ನು ನಾನು ಕಂಡಿರಲಿಲ್ಲ. ಮಂಡಿಯ ಸಾಬರು ಕೋಲೂರಿಕೊಂಡು ಬಂದು, ತಂದಿದ್ದ ಗುಲಾಬಿ ಹಾರವನ್ನು ತಾವೇ ಹಾಕಿದರು. ನಿವೃತ್ತರಾಗಿದ್ದ ಬ್ಯಾಂಕಿನ ಮೇಡಂ ಬಂದರು, ನರ್ಸಮ್ಮ ಬಂದರು, ನಾನು ಮುಖವನ್ನೇ ನೋಡದಿದ್ದ ಎಷ್ಟೋ ಹೆಂಗಸರು ಬಂದರು. ಒಬ್ಬೊಬ್ಬರೂ ನನ್ನ ಕೈ ಹಿಡಿದು, ಗುಟ್ಟು ಹೇಳುವಂತೆ ಒಂದೇ ಮಾತು ಹೇಳಿದರು: "ಯಾರಿಗೂ ಹೇಳ್ಬ್ಯಾಡ್ರಿ, ನಂಗೊಬ್ಬಳಿಗೆ ಮಾತ್ರ ನಾಲ್ಕು ಬೆರಳು ಜಾಸ್ತಿ ಕೊಡ್ತಿದ್ಲು." ತನಗೊಬ್ಬಳಿಗೇ ಎಂದು ಎಲ್ಲರೂ ನಂಬಿದ್ದರು. ಸತ್ತಮೇಲೂ ಇಷ್ಟು ಜನ ನಮ್ಮವಳು ಎನ್ನುತ್ತಾರಲ್ಲ ಎಂದು, ಆ ಅಳುವಿನ ನಡುವೆಯೂ ನನಗೆ ಒಳಗೆ ಕಿಚ್ಚೆದ್ದಿತು. ಊರಿಗೆಲ್ಲ ಜಾಸ್ತಿ ಅಳೆದವಳು ಸುಳ್ಳು ಅಳತೆ ತೋರಿಸಿದ್ದು ಜೀವಮಾನದಲ್ಲಿ ಒಂದೇ ಸಲ, ಅದು ನನಗೆ. ಇವತ್ತು ನಾನು ಉಣ್ಣುತ್ತಿರುವ ಅನ್ನ ಆ ಸುಳ್ಳು ಅಳತೆಯದು. ಅದನ್ನು ನಾನು ಯಾರಿಗೂ ಹೇಳಲಿಲ್ಲ.

ಹನ್ನೊಂದನೆಯ ದಿನ ಅವಳ ಫೋಟೋದ ಮುಂದೆ ಎಡೆ ಇಡುವುದಿತ್ತು. ಫೋಟೋಗೆ ಹಾಕುವ ಹೂವನ್ನು ನಾನೇ ಕಟ್ಟಿ, ನಾನೇ ಮೊಳಕೈಗೆ ಹಿಡಿದು ಅಳೆದು ಕತ್ತರಿಸಿದೆ. ಹಾಕಲು ಹೋದರೆ ಚೌಕಟ್ಟಿಗೆ ಸುತ್ತು ಬರಲಿಲ್ಲ, ಕಮ್ಮಿ ಬಿತ್ತು. ನೆರೆಮನೆಯವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅವ್ವ, "ಇರ್ಲಿ ಬಿಡ್ರಿ. ಆಕಿ ಸ್ಕೂಲಿಗೆ ಹೋದಾಕಿ, ಆಕಿಗೆ ಇದೆಲ್ಲ ಗೊತ್ತಾಗಲ್ಲ" ಎಂದಳು. ಆ ಮಾತು ಹೇಳುವಾಗ ಮುಖ ಹೇಗಿರುತ್ತದೆ ಎಂದು ಅವತ್ತು ನಾನು ತಲೆಯೆತ್ತಿ ನೋಡಿದೆ. ಅಳುತ್ತಿದ್ದ ಅವ್ವನ ಮುಖದಲ್ಲಿ ಹೆಮ್ಮೆಯಿತ್ತು.

ಅವ್ವ ಒಲೆಯ ಮುಂದೆ ಕೂತು ಮುದ್ದೆ ಕಟ್ಟಿದಳು. ಹೊಗೆಯಾಡುವ ಮೊದಲ ಮುದ್ದೆಯನ್ನು ಅಕ್ಕನ ಮುಂದಿನ ಬಾಳೆಲೆಗೆ ಹಾಕಿದಳು. ಸೌಟನ್ನು ತಳದವರೆಗೆ ಇಳಿಸಿ ಬೇಳೆ ಎತ್ತಿ ಸುರಿದಳು. ಸಂಬಳ ತರುವ ನಾನು ಗೋಡೆಗೆ ಒರಗಿ, ಹಳೆಯ ಜಾಗದಲ್ಲೇ ಕೂತಿದ್ದೆ. ನನ್ನ ಕಣ್ಣು ಆ ಎಲೆಯ ಮೇಲೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಅವ್ವ ಎರಡನೆಯ ಮುದ್ದೆ ಹಿಡಿದು ನನ್ನ ತಟ್ಟೆಯ ಕಡೆ ಬಾಗಿದಳು. ನಾನು ತಟ್ಟೆಗೆ ಕೈ ಅಡ್ಡ ಹಿಡಿದೆ.

"ಇರವ್ವ" ಎಂದೆ. "ಅಕ್ಕ ಇನ್ನೂ ಉಣ್ತಿದಾಳೆ."